ಪ್ಲೇಟ್‌ಲೆಟ್ ಚೀಲದಲ್ಲಿ ಗಂಟು ಕಟ್ಟಿದರೆ ಅದು ದಾನಿಯ ತಪ್ಪೇ?

(ರಕ್ತದಾನಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಕೈಲಿರುವ ಈ ಚೀಲ ಹಿಂದೆ ಕುಳಿತವರಿಗೂ ಕಾಣುತ್ತಿದೆ ಅಲ್ವಾ? ತಿಳಿ ಹಳದಿ ಬಣ್ಣ. ರಕ್ತ ಅಂದರೆ ಕೆಂಪು ಅಂತ ತಿಳಿದವರಿಗೆ ಇದು ರಕ್ತದಿಂದ ಬಂದದ್ದು ಅಂತ ನಂಬುವುದೇ ಕಷ್ಟ. ಇದರಲ್ಲಿರುವುದು ಪ್ಲೇಟ್‌ಲೆಟ್, ಅಂದರೆ ಗಾಯವಾದಾಗ ರಕ್ತ ನಿಲ್ಲಿಸುವ ಪುಟ್ಟ ಕಣಗಳು. ಒಬ್ಬರೇ ದಾನಿಯಿಂದ ಯಂತ್ರ ಹಾಕಿ ತೆಗೆದದ್ದು. ಬ್ಲಡ್ ಬ್ಯಾಂಕಿನಲ್ಲಿ ನಾವು ಎಸ್‌ಡಿಪಿ, ಅಂದರೆ ಸಿಂಗಲ್ ಡೋನರ್ ಪ್ಲೇಟ್‌ಲೆಟ್ ಅನ್ನುತ್ತೇವೆ. ನಿಮ್ಮಲ್ಲಿ ಕೆಲವರು ಇದನ್ನು ಕೊಟ್ಟವರೇ. ಒಂದು ಗಂಟೆಗೂ ಮೇಲೆ ಆ ಕುರ್ಚಿಯಲ್ಲಿ ಕೈ ಚಾಚಿಕೊಂಡು ಕೂತಿದ್ದೀರಿ. ಇದು ಅವಧಿ ಮುಗಿದ ಚೀಲ. ರೋಗಿಗೆ ಕೊಡುವಂತಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಈಗ ಇದನ್ನು ಲೈಟಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಒಳಗೆ ಬೆಳಕು ಸುಳಿಸುಳಿಯಾಗಿ ಮಿನುಗುತ್ತಿದೆ, ನೋಡಿ. ಆರೋಗ್ಯವಾಗಿರುವ ಪ್ಲೇಟ್‌ಲೆಟ್ ಚಪ್ಪಟೆ ಬಿಲ್ಲೆಯ ಆಕಾರದಲ್ಲಿರುತ್ತದೆ. ಅಗಲ 2–3 ಮೈಕ್ರಾನ್ ಅಷ್ಟೇ. ಲಕ್ಷಗಟ್ಟಲೆ ಬಿಲ್ಲೆಗಳು ಒಟ್ಟಿಗೆ ತಿರುಗುವಾಗ ಬೆಳಕು ಹೀಗೆ ಆಡುತ್ತದೆ. ಕೆಟ್ಟ ಪ್ಲೇಟ್‌ಲೆಟ್ ಉಂಡೆಯಾಗಿಬಿಡುತ್ತದೆ, ಆಗ ಈ ಮಿನುಗು ಇರುವುದಿಲ್ಲ. ಚೀಲ ಕೊಡುವ ಮೊದಲು ನಮ್ಮ ಟೆಕ್ನಿಷಿಯನ್ ಇದನ್ನು ಕಣ್ಣಲ್ಲೇ ನೋಡಿ ಪರೀಕ್ಷಿಸುತ್ತಾರೆ.

ಇನ್ನು ಈ ಎರಡನೇ ಚೀಲ. ಇದರ ಕೆಳಗಿನ ಮೂಲೆ ನೋಡಿ. ಹಾಲು ಒಡೆಯಲು ಶುರುವಾದಾಗ ಪಾತ್ರೆಯ ಅಂಚಿನಲ್ಲಿ ಬಿಳಿ ಬಿಳಿ ಕಣ ಕಾಣುತ್ತದಲ್ಲ, ಹಾಗೆ ಕಾಣುತ್ತಿದೆ. ಅಲ್ಲಾಡಿಸಿದರೂ ಕರಗುತ್ತಿಲ್ಲ. ಬೆರಳಲ್ಲಿ ಚೀಲವನ್ನು ಮೆತ್ತಗೆ ಉಜ್ಜಿದರೂ ಹೋಗುತ್ತಿಲ್ಲ. ಇದನ್ನೇ ನಾವು 'ಕ್ಲಂಪ್ ಆಗಿದೆ' ಅನ್ನುವುದು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟಿವೆ.

ಈ ಎರಡು ಚೀಲಗಳೂ ಒಂದೇ ದಿನ, ಒಂದೇ ಯಂತ್ರದಲ್ಲಿ ತೆಗೆದವು. ಕಿಟ್ ಒಂದೇ ಬಗೆಯದು, ಔಷಧಿ ಒಂದೇ, ಸೂಜಿ ಹಾಕಿದವರೂ ಒಬ್ಬರೇ. ಬೇರೆಯಾಗಿದ್ದು ದಾನಿ ಮಾತ್ರ. ಹಾಗಾದರೆ ದಾನಿಯಲ್ಲಿ ಏನೋ ಇದೆ ಅಂತಾಯಿತಲ್ಲವೇ? ಆ 'ಏನೋ' ಯಾವುದು ಅಂತ ವಿವರಿಸುವುದಕ್ಕೇ ನಾನು ಇವತ್ತು ಬಂದದ್ದು.

ಈ ವಿಷಯ ಆರಿಸಿಕೊಳ್ಳಲು ಕಾರಣವೂ ಇದೆ. ಕೆಲವು ತಿಂಗಳ ಹಿಂದೆ ದಾನಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಮೊದಲು ಬೇರೊಂದು ಕಡೆ ಪ್ಲೇಟ್‌ಲೆಟ್ ಕೊಡುತ್ತಿದ್ದವರು. ಅಲ್ಲಿ ಅವರ ಚೀಲ ಕ್ಲಂಪ್ ಆಯಿತು. ಯಾರೋ ಫೋನಿನಲ್ಲಿ 'ನಿಮ್ಮ ರಕ್ತ ಸರಿ ಇಲ್ಲ, ಇನ್ನು ಬರಬೇಡಿ' ಅಂದುಬಿಟ್ಟರು. ಅಷ್ಟೇ ಮಾತು. ಪಾಪ, ಆ ಮನುಷ್ಯ ಊರಿನ ಲ್ಯಾಬ್‌ಗಳನ್ನೆಲ್ಲಾ ಸುತ್ತಿದ್ದಾರೆ. ಸ್ಕ್ಯಾನ್ ಮಾಡಿಸಿದ್ದಾರೆ. ಮನೆಯವರಿಗೆ ಹೇಳಲೋ ಬೇಡವೋ ಅಂತ ಒದ್ದಾಡಿದ್ದಾರೆ. 'ಮೇಡಂ, ನನಗೆ ಹಾರ್ಟ್ ಅಟ್ಯಾಕ್ ಆಗುತ್ತಾ?' ಅಂತ ಕೇಳಿದರು. ನನಗೆ ತುಂಬಾ ಬೇಜಾರಾಯಿತು. ಒಳ್ಳೆಯ ಮನಸ್ಸಿನಿಂದ ಕೈ ಚಾಚಿದವರನ್ನು ಹೀಗೆ ಹೆದರಿಸಿ ಕಳಿಸಬಾರದು.

ಅಂಟುವುದು ಪ್ಲೇಟ್‌ಲೆಟ್‌ನ ಕಾಯಿಲೆಯಲ್ಲ. ಅದರ ಕೆಲಸವೇ ಅದು. 1880ರ ದಶಕದ ಆರಂಭದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಜೂಲಿಯೊ ಬಿಝೊಝೆರೊ ಎಂಬ ವೈದ್ಯರು ಜೀವಂತ ಪ್ರಾಣಿಗಳ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನಾಳಕ್ಕೆ ಸ್ವಲ್ಪ ಗಾಯವಾದರೆ ಸಾಕು, ಈ ಪುಟ್ಟ ಬಿಲ್ಲೆಗಳು ಅಲ್ಲಿಗೆ ಅಂಟಿ, ಒಂದರ ಮೇಲೊಂದು ಕೂಡಿ ತೂತು ಮುಚ್ಚುವುದು ಅವರಿಗೆ ಕಂಡಿತು. ನಿಮ್ಮ ಬೆರಳು ಈಳಿಗೆಮಣೆಗೆ ತಾಗಿದಾಗ ಆಗುವುದೂ ಇದೇ. ಆದರೆ ಚೀಲಕ್ಕೆ ಗಾಯವಾಗಿಲ್ಲ. ಅಲ್ಲಿ ಅಂಟಿಕೊಳ್ಳುವ ಅಗತ್ಯವಿಲ್ಲ. ರೋಗಿಯ ಮೈ ಸೇರುವ ತನಕ ಅವು ಬಿಡಿಬಿಡಿಯಾಗಿಯೇ ಇರಬೇಕು. ದೇಹದಲ್ಲಿ ಯಾವ ಗುಣ ಜೀವ ಉಳಿಸುತ್ತದೋ, ಅದೇ ಗುಣವನ್ನು ನಾವು ಐದು ದಿನ ತಡೆದು ಹಿಡಿಯಬೇಕು. ಪ್ಲೇಟ್‌ಲೆಟ್ ಕೆಲಸದಲ್ಲಿ ನಮಗಿರುವ ಕಷ್ಟವೆಲ್ಲಾ ಇದೇ.

ಹೇಗೆ ತಡೆಯುತ್ತೇವೆ? ಇದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಸ್ವಲ್ಪ ಅಡ್ಡದಾರಿ ಆದರೂ ಹೇಳುತ್ತೇನೆ. 1960ರಲ್ಲಿ ನಾರ್ವೆಯ ಹೆಲ್ಲೆಮ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು. ಕೆಂಪು ರಕ್ತಕಣದಿಂದ ಏನೋ ಒಂದು ವಸ್ತು ಹೊರಬರುತ್ತದೆ, ಅದು ತಾಗಿದರೆ ಪ್ಲೇಟ್‌ಲೆಟ್ ಗಾಜಿಗೆ ಅಂಟುತ್ತದೆ. ಮರುವರ್ಷ ಅಲ್ಲಿಯವರೇ ಅದು ಎಡಿಪಿ (ಅಡೆನೋಸಿನ್ ಡೈಫಾಸ್ಫೇಟ್) ಎಂಬ ರಾಸಾಯನಿಕ ಅಂತ ಕಂಡುಹಿಡಿದರು. 1962ರಲ್ಲಿ ಲಂಡನ್ನಿನಲ್ಲಿ ಗುಸ್ತಾವ್ ಬಾರ್ನ್ ಅದನ್ನು ಕಣ್ಣಿಗೆ ಕಾಣುವಂತೆ ಅಳೆದರು. ಇವರು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಮಗ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾದ, ಅಂದರೆ ರಕ್ತದ ಹಳದಿ ದ್ರವದ, ಮೂಲಕ ಬೆಳಕು ಹಾಯಿಸಿದರು. ಅದು ಮಬ್ಬಾಗಿತ್ತು. ಎಡಿಪಿ ಹಾಕಿದ ಕೂಡಲೇ ಗಂಟು ಕಟ್ಟಿತು, ತಿಳಿಯಾಯಿತು, ಬೆಳಕು ಜಾಸ್ತಿ ದಾಟಿತು. ಸ್ವಲ್ಪ ಹೊತ್ತು ಬಿಟ್ಟರೆ ಗಂಟು ಮತ್ತೆ ಬಿಚ್ಚಿಕೊಂಡಿತು!

ಈ ಬಿಚ್ಚಿಕೊಳ್ಳುವ ಗುಣದ ಮೇಲೇ ನಮ್ಮ ಕೆಲಸ ನಿಂತಿದೆ. ಯಂತ್ರದಿಂದ ಈಗಷ್ಟೇ ಇಳಿಸಿದ ಚೀಲದಲ್ಲಿ ಸಣ್ಣ ಸಣ್ಣ ಕಣ ಕಾಣುವುದು ಅಪರೂಪವೇನಲ್ಲ. ಯಂತ್ರದೊಳಗೆ ಜೋರಾಗಿ ತಿರುಗಿ, ಒತ್ತೊತ್ತಾಗಿ ಕೂತು ಬಂದಿವೆ. ಸ್ವಲ್ಪ ಕೆರಳಿರುತ್ತವೆ. ಕೂಡಲೇ ಅಲ್ಲಾಡಿಸಬಾರದು. ಯಂತ್ರದ ಕಂಪನಿ ಹೇಳಿದಷ್ಟು ಹೊತ್ತು ಹಾಗೇ ಬಿಡಬೇಕು. ಆಮೇಲೆ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆ ಕಡೆ ಈ ಕಡೆ ಮೆಲ್ಲಗೆ ತೂಗುವ ತಟ್ಟೆಯ ಮೇಲೆ ಇಡಬೇಕು. ಮರುದಿನದ ಹೊತ್ತಿಗೆ ಹೆಚ್ಚಿನ ಗಂಟುಗಳು ಕರಗಿರುತ್ತವೆ. ಕರಗದೆ ಉಳಿಯುವವು ಕೆಲವು. ನಾನು ತಂದ ಎರಡನೇ ಚೀಲ ಅಂಥದ್ದು. ಅದನ್ನು ಎಸೆಯಲೇಬೇಕು.

ಇನ್ನೊಂದು ಹೆಸರನ್ನೂ ಹೇಳಬೇಕು, ಎಮಿಲ್ ಫ್ರೈರೈಕ್. ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದರು. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದ ಮಕ್ಕಳು ಅವರ ವಾರ್ಡಿನಲ್ಲಿ ರಕ್ತಸ್ರಾವದಿಂದಲೇ ಸಾಯುತ್ತಿದ್ದ ಕಾಲ. ಪ್ಲೇಟ್‌ಲೆಟ್ ಕೊಟ್ಟರೆ ರಕ್ತ ನಿಲ್ಲುತ್ತದೆ ಅಂತ ಅವರು ತೋರಿಸಿದರು. ಆದರೆ ತೊಂದರೆ ಒಂದಿತ್ತು. ಪ್ಲೇಟ್‌ಲೆಟ್ ಒಟ್ಟುಮಾಡಲು ಪ್ಲಾಸ್ಮಾವನ್ನು ಗಿರಗಿರ ತಿರುಗಿಸಿದರೆ ತಳದಲ್ಲಿ ಗಟ್ಟಿ ಮುದ್ದೆಯಾಗುತ್ತಿತ್ತು, ಮತ್ತೆ ಬಿಡಿಸಲು ಬರುತ್ತಿರಲಿಲ್ಲ. 1966ರಲ್ಲಿ ಫ್ಲಾಟೋ ಮತ್ತು ಫ್ರೈರೈಕ್ ಇದಕ್ಕೊಂದು ದಾರಿ ಪ್ರಕಟಿಸಿದರು. ಪ್ಲಾಸ್ಮಾವನ್ನು ಸ್ವಲ್ಪ ಹುಳಿ ಮಾಡಿ, ಅಂದರೆ ಅದರ ಪಿಎಚ್ ಇಳಿಸಿ. ಆಗ ಪ್ಲೇಟ್‌ಲೆಟ್ ಗಂಟು ಕಟ್ಟದೆ ಬಿಡಿಬಿಡಿಯಾಗಿ ಬರುತ್ತದೆ, ರೋಗಿಗೆ ಕೊಟ್ಟ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಲೇಟ್‌ಲೆಟ್ ತೆಗೆಯುವ ಯಂತ್ರಕ್ಕೂ ಅವರ ನಂಟಿದೆ. ಐಬಿಎಂನ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ ಲ್ಯುಕೇಮಿಯಾ ಇತ್ತು. ಆ ತಂದೆ ಫ್ರೈರೈಕ್ ಜೊತೆ ಸೇರಿ ರಕ್ತಕಣ ಬೇರ್ಪಡಿಸುವ ಯಂತ್ರ ಕಟ್ಟಿದರು. ನೀವು ಕುಳಿತ ಕುರ್ಚಿ ಪಕ್ಕದ ಯಂತ್ರ ಆ ಮನೆತನದ್ದೇ.

ಇವತ್ತು ನಿಮ್ಮ ಸೂಜಿಯ ಹತ್ತಿರವೇ ರಕ್ತಕ್ಕೆ ಎಸಿಡಿ ಅನ್ನುವ ದ್ರವ ಸೇರುತ್ತದೆ. ಅದರಲ್ಲಿ ಸಿಟ್ರೇಟ್ ಇದೆ, ಹುಳಿಯೂ ಇದೆ. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳ ನಡುವೆ ಫೈಬ್ರಿನೋಜನ್ ಎಂಬ ಪ್ರೋಟೀನ್ ಕೊಂಡಿಯಾಗಲು ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಕಮ್ಮಿಯಾದರೆ ಅಂಟುವುದೂ ಕಮ್ಮಿ. ಹಾಗಾದರೆ ಸಿಟ್ರೇಟ್ ಜಾಸ್ತಿ ಹಾಕಿಬಿಡಿ ಅನ್ನಬಹುದು. ಹಾಕಬಹುದು, ಆದರೆ ಅದರಲ್ಲಿ ಒಂದು ಪಾಲು ನಿಮ್ಮ ಮೈಗೇ ವಾಪಸ್ ಹೋಗುತ್ತದೆ. ತುಟಿ ಜುಮ್ಮೆನ್ನುತ್ತದಲ್ಲ, ಬೆರಳ ತುದಿ ಮರಗಟ್ಟಿದ ಹಾಗಾಗುತ್ತದಲ್ಲ, ಅದು ಇದರಿಂದಲೇ. ನಿಮ್ಮ ಆರಾಮ ಒಂದು ಕಡೆ, ಚೀಲದ ಗಂಟು ಇನ್ನೊಂದು ಕಡೆ. ನಡುವೆ ಹದ ಹುಡುಕುವುದು ನಮ್ಮ ಕೆಲಸ.

ಈಗ ದಾನಿಯ ವಿಷಯ. ಇಷ್ಟೆಲ್ಲಾ ಮಾಡಿದರೂ ಕೆಲವರ ಚೀಲ ಯಾಕೆ ಗಂಟು ಕಟ್ಟುತ್ತದೆ?

ಮೊದಲನೆಯದು ಹುಟ್ಟಿನಿಂದ ಬಂದದ್ದು. ಎಲ್ಲರ ಪ್ಲೇಟ್‌ಲೆಟ್ ಒಂದೇ ಸಮ ಚುರುಕಲ್ಲ. ಎಡಿಪಿಯನ್ನಾಗಲಿ, ಅಡ್ರಿನಾಲಿನ್ ಅನ್ನಾಗಲಿ ಬಹಳ ಕಮ್ಮಿ ಹಾಕಿ ನೋಡಿದರೆ ಕೆಲವರ ಪ್ಲೇಟ್‌ಲೆಟ್ ಸುಮ್ಮನಿರುತ್ತದೆ, ಕೆಲವರದ್ದು ತಟ್ಟನೆ ಗಂಟು ಕಟ್ಟುತ್ತದೆ. ಎರಡು ಗುಂಪೂ ಆರೋಗ್ಯವಂತರೇ. ಅದೇ ಜನರನ್ನು ಬೇರೆ ದಿನ ಕರೆಸಿ ನೋಡಿದಾಗಲೂ ಚುರುಕಾಗಿದ್ದವರು ಚುರುಕಾಗಿಯೇ ಇರುತ್ತಾರೆ. ಇದು ಸಂಶೋಧನೆಗಳಲ್ಲಿ ಕಂಡ ವಿಷಯ. ಒಂದೇ ಮನೆಯವರಲ್ಲಿ ಈ ಗುಣ ಹೋಲುವುದೂ ಉಂಟು. ನಮ್ಮ ಬ್ಲಡ್ ಬ್ಯಾಂಕುಗಳ ಅನುಭವವೂ ಹಾಗೇ ಇದೆ. ಒಮ್ಮೆ ಕ್ಲಂಪ್ ಆದವರೆಲ್ಲರಿಗೂ ಮತ್ತೆ ಆಗುವುದಿಲ್ಲ. ಆದರೆ ಕೆಲವೇ ಕೆಲವರಿಗೆ ಬಂದಾಗಲೆಲ್ಲಾ ಆಗುತ್ತದೆ. ಯಂತ್ರ ಬದಲಿಸಿದರೂ ಆಗುತ್ತದೆ. ಅವರಿಗೆ ನಾನು ಹೇಳುವುದು ಇಷ್ಟು: ನಿಮ್ಮ ಪ್ಲೇಟ್‌ಲೆಟ್ ಕೆಲಸ ಮಾಡಲು ಸ್ವಲ್ಪ ಅವಸರ ಪಡುತ್ತದೆ. ಇದು ರೋಗದ ಹೆಸರಲ್ಲ. ಚೀಲದಲ್ಲಿ ಗಂಟು ಕಂಡಿತು ಅಂದ ಮಾತ್ರಕ್ಕೆ ಹೃದಯಾಘಾತದ ಭವಿಷ್ಯ ಹೇಳಲು ಬರುವುದಿಲ್ಲ. ಆ ದಾನಿಗೂ ಇದನ್ನೇ ಹೇಳಿದೆ.

ಎರಡನೆಯದು ಪ್ಲೇಟ್‌ಲೆಟ್ ಎಣಿಕೆ. ಮಾಮೂಲಿ ಎಣಿಕೆ ಒಂದು ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ನಮ್ಮಲ್ಲಿ ದಾನಕ್ಕೆ ಒಂದೂವರೆ ಲಕ್ಷಕ್ಕಿಂತ ಮೇಲೆ ಇರಬೇಕು. ನಾಲ್ಕು ಲಕ್ಷ ಇದ್ದವರು ಸಿಕ್ಕರೆ ನಮಗೆ ಖುಷಿ. ಬೇಗ ಚೀಲ ತುಂಬುತ್ತದೆ. ಆದರೆ ಅಷ್ಟು ಪ್ಲೇಟ್‌ಲೆಟ್ ಇಕ್ಕಟ್ಟಾದ ಜಾಗದಲ್ಲಿ ಕೂಡಿದಾಗ ಒಂದಕ್ಕೊಂದು ತಾಗುವುದೂ ಜಾಸ್ತಿ. ಯಂತ್ರಕ್ಕೆ ಸರಿಯಾದ ಎಣಿಕೆ ಕೊಟ್ಟು, ಚೀಲದಲ್ಲಿ ಪ್ಲಾಸ್ಮಾ ಸಾಕಷ್ಟು ಬಿಟ್ಟರೆ ಇದನ್ನು ಸಂಭಾಳಿಸಬಹುದು. ಹಳೆಯ ರಿಪೋರ್ಟ್ ನೋಡಿ ಎಣಿಕೆ ಹಾಕಿದರೆ ಎಡವಟ್ಟಾಗುತ್ತದೆ.

ಮೂರನೆಯದು ರಕ್ತನಾಳ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಇಲ್ಲಿ ನೀವೂ ನಾವೂ ಕೂಡಿ ಏನಾದರೂ ಮಾಡಬಹುದು. ನಾಳ ಸಣ್ಣದಿದ್ದರೆ, ಸೂಜಿ ಒಂದೇ ಸಲಕ್ಕೆ ಕೂರದಿದ್ದರೆ, ಒಳಗೆ ಹುಡುಕಾಡಬೇಕಾಗುತ್ತದೆ. ಆಗ ನಾಳದ ಸುತ್ತಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ. ಆ ಅಂಗಾಂಶದಲ್ಲಿ ರಕ್ತ ಹೆಪ್ಪುಗಟ್ಟಿಸುವ ವಸ್ತು ಇದೆ. ಅದು ಒಂದು ಹನಿ ಸೇರಿದರೂ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಕಿಣ್ವ ಹುಟ್ಟಲು ಶುರುವಾಗುತ್ತದೆ. ಥ್ರಾಂಬಿನ್‌ನಷ್ಟು ಜೋರಾಗಿ ಪ್ಲೇಟ್‌ಲೆಟ್ ಕೆರಳಿಸುವುದು ಮತ್ತೊಂದಿಲ್ಲ. ಎಡಿಪಿಯಿಂದಾದ ಗಂಟು ಬಿಚ್ಚಬಹುದು, ಥ್ರಾಂಬಿನ್‌ನಿಂದಾದ ಗಂಟು ಸುಲಭವಾಗಿ ಬಿಚ್ಚುವುದಿಲ್ಲ. ಸೂಜಿ ಸರಿ ಕೂತರೂ ರಕ್ತ ತಡೆತಡೆದು ಬಂದರೆ ಇನ್ನೊಂದು ಕಷ್ಟ. ಯಂತ್ರ ಪದೇ ಪದೇ ಕೂಗುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಎಸಿಡಿಯ ಹದ ಆ ಕ್ಷಣಗಳಲ್ಲಿ ತಪ್ಪುತ್ತದೆ.

ಕಮ್ಮಿ ತೂಕದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದರ ಮೇಲೆ ಇನ್ನೊಂದು ತೊಡಕು. ಮೈಯಲ್ಲಿ ರಕ್ತದ ಪ್ರಮಾಣ ಕಮ್ಮಿ ಇದ್ದರೆ ಸಿಟ್ರೇಟ್ ಸಹಿಸುವ ಮಿತಿಯೂ ಕಮ್ಮಿ. ಹಾಗಾಗಿ ಯಂತ್ರ ರಕ್ತವನ್ನು ನಿಧಾನವಾಗಿ ಎಳೆಯುತ್ತದೆ. ಹೊತ್ತು ಜಾಸ್ತಿ ಹಿಡಿಯುತ್ತದೆ. ಅವರನ್ನು ದಾನಕ್ಕೆ ಬೇಡ ಅನ್ನುವುದಕ್ಕೆ ಇದು ಕಾರಣವಲ್ಲ. 50 ಕಿಲೋ ತೂಕವಿದ್ದು, ಹಿಮೋಗ್ಲೋಬಿನ್ 12.5 ಇದ್ದು, ನಾಳ ಚೆನ್ನಾಗಿದ್ದರೆ ಖಂಡಿತ ಕೊಡಬಹುದು. ಅನುಭವ ಇರುವವರು ಸೂಜಿ ಹಾಕಬೇಕು, ಅಷ್ಟೇ.

ನೀವು ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಯಿರಿ. ಎ.ಸಿ. ಕೋಣೆಯಲ್ಲಿ ಕೈ ತಣ್ಣಗಾದರೆ ಹೊದಿಕೆ ಕೇಳಿ, ಸಂಕೋಚ ಬೇಡ. ಕೈ ತಣ್ಣಗಾದರೆ ನಾಳ ಸೊರಗುತ್ತದೆ. ಸೂಜಿ ಇರುವ ಕೈಯಿಂದ ಮೊಬೈಲ್ ಹಿಡಿಯಬೇಡಿ. ಚೆಂಡು ಹಿಸುಕಿ ಅಂದಾಗ ಹಿಸುಕಿ, ಬಿಡಿ ಅಂದಾಗ ಬಿಡಿ.

ನಾಲ್ಕನೆಯದು ಆ ದಿನದ ಊಟ, ಮಾತ್ರೆ, ಮನಸ್ಸು. ದಾನಕ್ಕೆ ಮೊದಲು ಊಟ ಮಾಡಿ ಬನ್ನಿ ಅಂತ ನಾವು ಹೇಳುತ್ತೇವೆ. ಕೆಲವರು ಬಿರಿಯಾನಿ ಹೊಡೆದು ಬರುತ್ತಾರೆ. ಎಣ್ಣೆ, ತುಪ್ಪ ಜಾಸ್ತಿ ತಿಂದ ಮೇಲೆ ಪ್ಲಾಸ್ಮಾ ಬೆಳ್ಳಗೆ ಮಬ್ಬಾಗುತ್ತದೆ. ಆಗ ನಾನು ಮೊದಲಿಗೆ ತೋರಿಸಿದ ಮಿನುಗು ಕಾಣುವುದಿಲ್ಲ. ಗಂಟು ಇದ್ದರೂ ಕಾಣುವುದಿಲ್ಲ. ಕಣ ಬೇರ್ಪಡಿಸಲು ಬೆಳಕಿನಿಂದ ನೋಡುವ ಯಂತ್ರಗಳಿಗೂ ಗೊಂದಲ. ಇಡ್ಲಿ ತಿನ್ನಿ, ಮುದ್ದೆ-ಸಾರು ಉಣ್ಣಿ, ರಾಗಿ ಅಂಬಲಿ ಕುಡಿಯಿರಿ. ಬಿರಿಯಾನಿ ದಾನ ಮುಗಿಸಿ ತಿಂದರಾಯಿತು.

ಸಿಗರೇಟು ಪ್ಲೇಟ್‌ಲೆಟ್ ಅನ್ನು ಕೆರಳಿಸುತ್ತದೆ. ಭಯವೂ ಅಷ್ಟೇ. ಹೆದರಿದಾಗ ಏರುವ ಅಡ್ರಿನಾಲಿನ್, ಎಡಿಪಿಯಂಥ ಬೇರೆ ವಸ್ತುಗಳ ಕೆಲಸವನ್ನು ಇನ್ನಷ್ಟು ಜೋರು ಮಾಡುತ್ತದೆ. ಮೊದಲ ಸಲ ಬಂದ ಹುಡುಗ ಬೆವರುತ್ತಾ ಕೂತಿದ್ದರೆ ನಮ್ಮ ಸಿಸ್ಟರ್ ಹತ್ತು ನಿಮಿಷ ಅವನ ಊರು, ಕಾಲೇಜು, ಕ್ರಿಕೆಟ್ ಅಂತ ಮಾತಾಡಿಸುತ್ತಾರೆ. ಅದು ಸುಮ್ನೆ ಕಾಲಹರಣವಲ್ಲ, ಚಿಕಿತ್ಸೆಯ ಭಾಗವೇ.

ಮಾತ್ರೆಗಳ ವಿಷಯದಲ್ಲಿ ದಯವಿಟ್ಟು ನಿಜ ಹೇಳಿ. ಆಸ್ಪಿರಿನ್ ನುಂಗಿದವರ ಪ್ಲೇಟ್‌ಲೆಟ್ ಕಮ್ಮಿ ಅಂಟುತ್ತದೆ. ಚೀಲ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ರೋಗಿಗೆ ಹಾಕಿದಾಗ ಅಂಟಬೇಕಾದ ಕಡೆಯೂ ಸರಿಯಾಗಿ ಅಂಟುವುದಿಲ್ಲ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ. ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಮತ್ತೆ ತಯಾರಿಸಲು ಅದಕ್ಕೆ ಬರುವುದಿಲ್ಲ. ತನ್ನ ಆಯುಸ್ಸು ಮುಗಿಯುವ ತನಕ, ಅಂದರೆ 7ರಿಂದ 10 ದಿನ, ಹಾಗೇ ಇರುತ್ತದೆ. ಹಾಗಿದ್ದರೂ ನಮ್ಮಲ್ಲಿ 3 ದಿನ ಕಾದರೆ ಸಾಕು ಅನ್ನುತ್ತಾರೆ. ಯಾಕೆ ಗೊತ್ತಾ? ಮೂಳೆಮಜ್ಜೆ ದಿನಾ ಸುಮಾರು ಹತ್ತನೇ ಒಂದು ಪಾಲು ಹೊಸ ಪ್ಲೇಟ್‌ಲೆಟ್ ಬಿಡುತ್ತದೆ. 3 ದಿನದಲ್ಲಿ ಮೂರನೇ ಒಂದರ ಹತ್ತಿರ ಹೊಸದು ಬಂದಿರುತ್ತದೆ. ಆ ಹೊಸ ಪ್ಲೇಟ್‌ಲೆಟ್‌ಗಳು ಹಳೆಯವನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ. ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ತೆಗೆದುಕೊಂಡಿದ್ದರೆ ಎರಡು ವಾರ ಕಾಯಬೇಕು. ಆದರೆ ದಾನಕ್ಕಾಗಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ದಾನವನ್ನೇ ಬಿಡಿ.

ಇನ್ನೊಂದು ವಿಷಯ. ಗಂಟು ಕಂಡ ಚೀಲವನ್ನು 'ಸ್ವಲ್ಪ ತಾನೇ ಇದೆ, ಫಿಲ್ಟರ್‌ನಲ್ಲಿ ನಿಲ್ಲುತ್ತದೆ' ಅಂತ ಕೊಡಬಾರದೇ? ಡೆಂಗಿ ಸಮಯದಲ್ಲಿ ಕಾರಿಡಾರಿನಲ್ಲಿ ಕಾಯುತ್ತಿರುವ ರೋಗಿಯ ಅಣ್ಣನೋ ಅಪ್ಪನೋ ಇದನ್ನು ಕೇಳಿಯೇ ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕೊಡುವುದಿಲ್ಲ. ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆದಾಗಲೂ ಹೀಗೇ ಗಂಟು ಕಾಣಬಹುದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅಂಥದ್ದು. ನಮ್ಮ ಚರ್ಮದ ಮೇಲೂ ಮೂಗಿನಲ್ಲೂ ಇರುವ ಬ್ಯಾಕ್ಟೀರಿಯಾ ಅದು. ಪ್ಲೇಟ್‌ಲೆಟ್ ಫ್ರಿಜ್‌ನಲ್ಲಿ ಇಡುವ ವಸ್ತುವಲ್ಲ, ಕೋಣೆಯ ಬಿಸಿಯಲ್ಲಿ ಇರುತ್ತದೆ. ಒಂದೆರಡು ಬ್ಯಾಕ್ಟೀರಿಯಾ ಒಳಗೆ ಸೇರಿದರೂ ಬೆಳೆಯಲು ಅನುಕೂಲ. ಕಿಮೊ ತೆಗೆದುಕೊಳ್ಳುತ್ತಿರುವ, ರೋಗನಿರೋಧಕ ಶಕ್ತಿ ಕಳೆದುಕೊಂಡ ಮಗುವಿಗೆ ಆ ಚೀಲ ಹೋದರೆ ಏನಾಗಬಹುದು ಅಂತ ನೀವೇ ಯೋಚಿಸಿ. ಅದಕ್ಕೇ ಸೂಜಿ ಹಾಕುವ ಮೊದಲು ಕೈಯನ್ನು ಅಷ್ಟು ಹೊತ್ತು ಒರೆಸುವುದು. ಅದಕ್ಕೇ ಮೊದಲ ಕೆಲವು ಮಿಲಿಲೀಟರ್ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ಬಿಡುವುದು. ಮೊನ್ನೆ ಮೊನ್ನೆ ಹಲ್ಲು ಕೀಳಿಸಿದ್ದೀರಾ, ಮೊಣಕೈ ಹತ್ತಿರ ಗಾಯ ಇದೆಯಾ ಅಂತ ಕೇಳುವುದೂ ಇದಕ್ಕೇ.

ಹಾಗಾದರೆ ಪದೇ ಪದೇ ಕ್ಲಂಪ್ ಆಗುವ ದಾನಿ ಏನು ಮಾಡಬೇಕು? ಮೊದಲ ಸಲ ಆಯಿತು ಅಂದರೆ ಏನೂ ಮಾಡಬೇಕಿಲ್ಲ. ನಾವು ನಮ್ಮ ಕಡೆಯ ದಾಖಲೆ ನೋಡಬೇಕು. ಸೂಜಿ ಹೇಗೆ ಕೂತಿತ್ತು, ಎಷ್ಟು ಸಲ ಯಂತ್ರ ನಿಂತಿತ್ತು, ಎಣಿಕೆ ಎಷ್ಟಿತ್ತು, ಎಸಿಡಿಯ ಹದ ಎಷ್ಟಿತ್ತು. ಮುಂದಿನ ಸಲ ಎಸಿಡಿ ಸ್ವಲ್ಪ ಹೆಚ್ಚಿಸಿ, ಇನ್ನೊಂದು ಕೈಯಲ್ಲಿ ತೆಗೆದು ನೋಡಬಹುದು. ಆಗಲೂ ಆದರೆ, ಮತ್ತೂ ಆದರೆ, ಪ್ಲೇಟ್‌ಲೆಟ್ ದಾನ ನಿಲ್ಲಿಸಿ ಮಾಮೂಲಿ ರಕ್ತದಾನಕ್ಕೆ ಬರಲು ಹೇಳುತ್ತೇವೆ. ಅವರ ಕೆಂಪು ಕಣ, ಅವರ ಪ್ಲಾಸ್ಮಾ ಎರಡೂ ರೋಗಿಗೆ ಉಪಯೋಗಕ್ಕೆ ಬರುತ್ತವೆ. ಯಂತ್ರದ ಕಿಟ್ ದುಬಾರಿ, ಒಂದೇ ಸಲ ಬಳಸುವಂಥದ್ದು. ದಾನಿಯ ಅರ್ಧ ದಿನ ಅದಕ್ಕಿಂತ ದುಬಾರಿ. ಎಸೆಯುವುದು ಖಚಿತ ಅಂತ ಗೊತ್ತಿದ್ದೂ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸಬಾರದು. ಫೋನ್ ಮಾಡುವವರು ಟೆಕ್ನಿಷಿಯನ್ ಆಗಲಿ, ವೈದ್ಯರಾಗಲಿ, ಇದನ್ನೆಲ್ಲಾ ಬಿಡಿಸಿ ಹೇಳಬೇಕು. ಐದು ನಿಮಿಷದ ಮಾತು. ನನ್ನನ್ನು ಹುಡುಕಿಕೊಂಡು ಬಂದ ಆ ದಾನಿ ಈಗ ಮಾಮೂಲಿ ರಕ್ತ ಕೊಡುತ್ತಿದ್ದಾರೆ.

ಈ ಸಾಲಿನಲ್ಲಿ ಕುಳಿತ ಅಕ್ಕ ಒಂದು ಚೀಟಿ ಕಳಿಸಿದ್ದಾರೆ. ಜ್ವರ ಬಂದಾಗ ಪರೀಕ್ಷೆ ಮಾಡಿಸಿದರೆ ಅವರ ಪ್ಲೇಟ್‌ಲೆಟ್ 40 ಸಾವಿರ ಅಂತ ಬಂತಂತೆ. ಮನೆಯಲ್ಲಿ ಎಲ್ಲರೂ ಗಾಬರಿ. ಬೇರೆ ಲ್ಯಾಬ್‌ನಲ್ಲಿ ನೋಡಿದರೆ ಎರಡು ಲಕ್ಷ. ಇದೂ ಕ್ಲಂಪ್ ಆಗಿದ್ದೇ ಇರಬಹುದಾ ಅಂತ ಕೇಳಿದ್ದಾರೆ.

ಇರಬಹುದು. ಕೌಂಟ್ ನೋಡಲು ರಕ್ತ ತೆಗೆಯುವುದು ನೇರಳೆ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸುಮಾರು ಸಾವಿರಕ್ಕೆ ಒಬ್ಬರ ರಕ್ತದಲ್ಲಿ ಒಂದು ಬಗೆಯ ಆಂಟಿಬಾಡಿ ಇರುತ್ತದೆ. ಇಡಿಟಿಎ ಕ್ಯಾಲ್ಸಿಯಂ ಕಿತ್ತುಕೊಂಡಾಗ ಪ್ಲೇಟ್‌ಲೆಟ್ ಮೇಲಿನ ಪ್ರೋಟೀನಿನ ಒಂದು ಮರೆಯ ಭಾಗ ಹೊರಗೆ ಕಾಣುತ್ತದೆ, ಆಂಟಿಬಾಡಿ ಅದನ್ನು ಹಿಡಿದು ಪ್ಲೇಟ್‌ಲೆಟ್‌ಗಳನ್ನು ಗಂಟು ಹಾಕುತ್ತದೆ. ಟ್ಯೂಬಿನಲ್ಲಿ ಮಾತ್ರ, ಮೈಯಲ್ಲಿ ಅಲ್ಲ. ಯಂತ್ರ ಆ ಗಂಟುಗಳನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ, ಸಂಖ್ಯೆ ಇಳಿಯುತ್ತದೆ. ಇಂಥ ಎಣಿಕೆ ನೋಡಿ ದಾನಿಯನ್ನು ವಾಪಸ್ ಕಳಿಸಿದ್ದೂ ಇದೆ, ಬೇಡದ ಪ್ಲೇಟ್‌ಲೆಟ್ ಏರಿಸಲು ಹೊರಟದ್ದೂ ಇದೆ. ರಕ್ತಸ್ರಾವ ಏನೂ ಇಲ್ಲದೆ ಎಣಿಕೆ ತೀರಾ ಕಮ್ಮಿ ಬಂದರೆ ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ. ಗಂಟು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಬೇಕು. ಆ ಟ್ಯೂಬಿನಲ್ಲಿ ದ್ರವ ಸ್ವಲ್ಪ ಜಾಸ್ತಿ ಇರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದರೆ ನಿಜವಾದ ಎಣಿಕೆ ಸಿಗುತ್ತದೆ. ಅಕ್ಕ, ಆ ರಿಪೋರ್ಟ್ ಎಸೆಯಬೇಡಿ. ಒಂದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಆಪರೇಷನ್ನಿಗೋ ಹೆರಿಗೆಗೋ ಯಾವ ಆಸ್ಪತ್ರೆಗೆ ಹೋದರೂ ರಕ್ತ ತೆಗೆಯುವ ಮೊದಲೇ ಅದನ್ನು ತೋರಿಸಿ, 'ನನಗೆ ನೀಲಿ ಟ್ಯೂಬಿನಲ್ಲೂ ಒಮ್ಮೆ ನೋಡಿ' ಅಂತ ಹೇಳಿ.